ಬಿಡು ಅಂದ ಮೇಲಿನ ಮಾತು

ದೊಡ್ಡಪ್ಪನಿಗೆ ಅಭಿಪ್ರಾಯವಿಲ್ಲದ ವಿಷಯ ಪ್ರಪಂಚದಲ್ಲಿ ಇರಲಿಲ್ಲ. ಉಪಗ್ರಹ ಹಾರಿದರೂ ಒಂದು ಅಭಿಪ್ರಾಯ, ಸರ್ಕಾರ ಬಿದ್ದರೂ ಒಂದು, ಪಕ್ಕದ ಮನೆಯವರು ಗೋಡೆಯಗಲದ ಟೀವಿ ತಂದರೂ ಒಂದು. ಇವನ್ನೆಲ್ಲ ಹೊಸೆದು ಪ್ರತಿ ವಾರ ಊರಿನ ಪತ್ರಿಕೆಗೆ ಅವರು ಅಂಕಣ ಬರೆಯುತ್ತಿದ್ದರು. ಹೆಸರು ‘ಸುಮ್ಮನೆ ಒಂದು ಮಾತು’. ದೊಡ್ಡಮ್ಮನ ಪ್ರಕಾರ ಅವರು ಸುಮ್ಮನಿದ್ದದ್ದು ಹಲ್ಲು ಕೀಳಿಸಿಕೊಂಡ ದಿನ ಒಂದೇ, ಅದೂ ಮಧ್ಯಾಹ್ನದವರೆಗೆ.

ಬರೆಯುತ್ತಿದ್ದರು ಅಂದರೆ ಹೇಳುತ್ತಿದ್ದರು. ಬರೆಯುತ್ತಿದ್ದವಳು ಪಿಸು.

ಪಿಸು ಅವರ ತಮ್ಮನ ಮಗಳು. ಡಿಗ್ರಿ ಓದಲೆಂದು ದೊಡ್ಡಪ್ಪನ ಮನೆಗೆ ಬಂದವಳು, ಓದು ಮುಗಿದು ಎರಡು ವರ್ಷವಾದರೂ ಅಲ್ಲೇ ಉಳಿದಿದ್ದಳು. ಎದುರಿಗೆ ಕೂತವರಿಗೂ ಅವಳ ಮಾತು ಪಿಸುಗುಟ್ಟಿದಷ್ಟೇ ಕೇಳುತ್ತಿದ್ದುದರಿಂದ ದೊಡ್ಡಮ್ಮ ಇಟ್ಟ ಹೆಸರು ಅದು. ಬಾಗಿಲು ಬಡಿದರೆ ಒಳಕ್ಕೆ ಸರಿಯುವವಳು, ಫೋನ್ ಸದ್ದಾದರೆ ಎದೆ ಧಸಕ್ಕೆನ್ನುವವಳು. ಹೇಳಬೇಕಾದ್ದನ್ನೆಲ್ಲ ದಪ್ಪ ರಟ್ಟಿನ ಡೈರಿಗೆ ಹೇಳಿ ದೀಪ ಆರಿಸುವವಳು.

ಅಂಕಣದ ಕೆಲಸಕ್ಕೆ ಮನೆಯಲ್ಲಿ ಒಂದು ಪದ್ಧತಿ ಇತ್ತು. ದೊಡ್ಡಪ್ಪ ಮೂವತ್ತು ವರ್ಷ ಅಚ್ಚುಕೂಟದಲ್ಲಿ ಸೀಸದ ಅಕ್ಷರದ ಮೊಳೆ ಜೋಡಿಸಿದವರು. ಕಂಪ್ಯೂಟರ್ ಬಂದು ಮೊಳೆಗಳೆಲ್ಲ ಗುಜರಿಗೆ ಹೋದಾಗ ಅವುಗಳ ಹಿಂದೆಯೇ ಮನೆಗೆ ಬಂದವರು. ಕೂತು ಯೋಚಿಸುವುದು ಅವರಿಗೆ ಆಗದು. ಗುರುವಾರ ಬೆಳಿಗ್ಗೆ ನಡುಮನೆಯಲ್ಲಿ ಕಿಟಕಿಯಿಂದ ಬೀರುವಿಗೆ, ಬೀರುವಿನಿಂದ ಕಿಟಕಿಗೆ ನಡೆಯುತ್ತ, “ಬರಿ” ಅನ್ನುತ್ತಿದ್ದರು. ಪಿಸು ಲ್ಯಾಪ್‌ಟಾಪಿನಲ್ಲಿ ಬರೆಯಲು ಶುರುಮಾಡಬೇಕು. ಮಧ್ಯೆ ಕೆಮ್ಮು ಬಂದರೆ, ದೊಡ್ಡಮ್ಮನ ಮೇಲೆ ರೇಗಬೇಕಿದ್ದರೆ, ಯಾರನ್ನಾದರೂ ಬೈಯಬೇಕಿದ್ದರೆ “ಬಿಡು” ಅನ್ನುತ್ತಿದ್ದರು. ಬಿಡು ಅಂದ ಮೇಲಿನದು ಯಾವುದೂ ಪಿಸುವಿನ ಕಿವಿಗೆ ಬಿದ್ದಿಲ್ಲ, ಬಿದ್ದರೂ ಇಲ್ಲ. ಮತ್ತೆ “ಬರಿ” ಅಂದಮೇಲೆ ಬೆರಳು ಆಡಬೇಕು. ಮೂರು ಗಂಟೆಗೆ ಅವಳು ಎಲ್ಲವನ್ನೂ ತಿದ್ದಿ ಗಟ್ಟಿಯಾಗಿ ಓದಬೇಕು, ಅವರು ಕಣ್ಣು ಮುಚ್ಚಿ ಕೇಳಬೇಕು, ನಾಲ್ಕರೊಳಗೆ ಪತ್ರಿಕೆಗೆ ಕಳಿಸಬೇಕು. ಓದುವಾಗ ಮಾತ್ರ ಪಿಸುವಿನ ದನಿ ಬೇರೆಯಾಗುತ್ತಿತ್ತು. ಅದು ಬೇರೆಯವರ ಮಾತಲ್ಲವೇ, ಧೈರ್ಯವಾಗಿ ಓದುತ್ತಿದ್ದಳು.

ಕಣ್ಣು ಮುಚ್ಚಿ ಕೇಳುವುದು ವಾಕ್ಯದ ನಡಿಗೆ ತಿಳಿಯಲಿಕ್ಕೆ ಎಂದು ದೊಡ್ಡಪ್ಪ ಹೇಳುತ್ತಿದ್ದರು. ಅವರ ಎರಡೂ ಕಣ್ಣಿಗೆ ಪೊರೆ ಬಂದು ಅಕ್ಷರಗಳೆಲ್ಲ ಇರುವೆಸಾಲಾಗಿದ್ದವು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದೂ ಯಾರೂ ಆಡದ ಮಾತು. ಆಪರೇಷನ್ ಎಂದರೆ ಅವರು ಎದ್ದು ಹೊರಗೆ ಹೋಗುತ್ತಿದ್ದರು. ವರ್ಷಕ್ಕೆರಡು ಸಲ ಕನ್ನಡಕ ಬದಲಾಯಿಸಿ, “ಈಗಿನ ಗಾಜು ಸರಿಯಿಲ್ಲ” ಎನ್ನುತ್ತಿದ್ದರು.

ಎರಡೂವರೆ ತಿಂಗಳ ಹಿಂದೆ ಅದೇ ಪತ್ರಿಕೆಯಲ್ಲಿ ಉಪಸಂಪಾದಕರು ಬೇಕೆಂಬ ಜಾಹೀರಾತು ಬಂತು. ಪಿಸು ಮೂರು ದಿನ ಯೋಚಿಸಿ, ನಾಲ್ಕನೆಯ ದಿನ ನಾಚಿಕೆಯಿಂದ ಮುಖವೆಲ್ಲ ಬಿಸಿಯಾಗಿ, ದೊಡ್ಡಪ್ಪನ ಮುಂದೆ ನಿಂತು ಹೇಳಿದ್ದಳು.

“ಹಾಕು, ಹಾಕು,” ಎಂದಿದ್ದರು ದೊಡ್ಡಪ್ಪ. “ನಾನೂ ಸಂಪಾದಕರ ಹತ್ರ ಒಂದು ಮಾತು ಹೇಳ್ತೀನಿ.”

ಅರ್ಜಿಯಲ್ಲಿ ಫೋನ್ ನಂಬರಿನ ಜಾಗ ಬಂದಾಗ ಅವಳ ಕೈ ತಡೆಯಿತು. ಗುರುತಿಲ್ಲದ ನಂಬರಿನಿಂದ ಕರೆ ಬಂದರೆ ತೆಗೆದು ಹಲೋ ಅನ್ನಲು ತನಗೆ ಬಾರದೆಂದು ಅವಳಿಗೆ ಗೊತ್ತಿತ್ತು. ದೊಡ್ಡಪ್ಪನ ನಂಬರನ್ನೇ ಬರೆದಳು.

ಅಂದಿನಿಂದ ಡೈರಿಯ ಪ್ರತಿ ಪುಟದ ಕೊನೆಯಲ್ಲಿ ಒಂದೇ ಸಾಲು: ಇವತ್ತೂ ಬರಲಿಲ್ಲ. ದೊಡ್ಡಪ್ಪ ವಾರಕ್ಕೊಮ್ಮೆ ತಾವಾಗಿಯೇ, “ಏನಾದ್ರೂ ಉತ್ತರ ಬಂತಾ ಪಿಸು?” ಎಂದು ಕೇಳುತ್ತಿದ್ದರು. ಅವಳು ಇಲ್ಲವೆಂದು ತಲೆಯಾಡಿಸಿದರೆ ಅವಳಿಗಿಂತ ಹೆಚ್ಚು ನೊಂದುಕೊಂಡು, “ಬೇಡ ಅಂದ್ರೆ ಬೇಡ ಅಂತ ಒಂದು ಸಾಲು ಬರೆಯೋ ಸೌಜನ್ಯನೂ ಇಲ್ಲ ಈ ಕಾಲದವರಿಗೆ” ಎಂದು ಬೈಯುತ್ತಿದ್ದರು. ಒಮ್ಮೆ ಅದನ್ನೇ ಅಂಕಣ ಮಾಡಿದರು: ಉತ್ತರ ಬರೆಯದ ಕಚೇರಿಗಳು. ಅದನ್ನು ಬರೆದುಕೊಳ್ಳುವಾಗ ಪಿಸುವಿಗೆ ಕಣ್ಣು ತುಂಬಿ ಬಂದಿತ್ತು. ನನ್ನ ಪರವಾಗಿ ಮಾತಾಡಲು ಈ ಭೂಮಿಯ ಮೇಲೆ ಒಬ್ಬರಾದರೂ ಇದ್ದಾರೆ ಎಂದು ಅವತ್ತು ಡೈರಿಯಲ್ಲಿ ಬರೆದುಕೊಂಡಿದ್ದಳು.

ಹೋದ ತಿಂಗಳು ಅವಳಿಗೆ ಜ್ವರ ಬಂದು ಒಂದು ಗುರುವಾರ ತಪ್ಪಿತು. ಎರಡು ದಿನ ದೊಡ್ಡಪ್ಪ ಕಾಲು ಸುಟ್ಟ ಬೆಕ್ಕಿನಂತೆ ಓಡಾಡಿದರು. ಮೂರನೆಯ ದಿನ ಕಂಪ್ಯೂಟರ್ ರಿಪೇರಿಯವನನ್ನು ಕರೆಸಿದರು.

ಅವನು ಬೀದಿ ಕೊನೆಯ ಅಂಗಡಿಯವನು. ನಡುವಯಸ್ಸು, ಕಿವಿಯ ಮೇಲೆ ಸದಾ ಒಂದು ಸಣ್ಣ ಸ್ಕ್ರೂಡ್ರೈವರ್. ಲ್ಯಾಪ್‌ಟಾಪಿಗೆ ಏನನ್ನೋ ಇಳಿಸಿ, “ನೀವು ಮಾತಾಡಿ ಸಾರ್, ಅದೇ ಬರ್ಕೊಳ್ಳುತ್ತೆ. ಇಲ್ಲಿ ಈ ಕೆಂಪು ಗುಂಡಿ ಒತ್ತಿದ್ರೆ ಶುರು, ಇನ್ನೊಂದ್ಸಲ ಒತ್ತಿದ್ರೆ ಬಂದ್” ಎಂದ.

ದೊಡ್ಡಪ್ಪ ಪರದೆಯತ್ತ ಬಗ್ಗಿದರು, ಮೂಗು ತಾಗುವಷ್ಟು. ಆಮೇಲೆ ನೆಟ್ಟಗಾದರು. “ಗುಂಡಿ ಹುಡುಕ್ತಾ ಕೂರೋ ತಾಳ್ಮೆ ನನಗಿಲ್ಲಪ್ಪ. ಮುಚ್ಚಳ ತೆಗೆದ ಕೂಡ್ಲೇ ಶುರು ಆಗೋ ಹಾಗೆ ಮಾಡು.”

“ಹಾಗೂ ಮಾಡಬಹುದು. ಮುಚ್ಚೋ ತನಕ ಕೇಳ್ತಾನೇ ಇರುತ್ತೆ ಅಷ್ಟೆ.”

“ಮಧ್ಯೆ ಬೇಡದ್ದು ಬಂದ್ರೆ? ನಾನು ಬಿಡು ಅಂತೀನಿ. ಬಿಡುತ್ತೆ ತಾನೆ?”

ರಿಪೇರಿಯವನು ತಂತಿ ಸುತ್ತಿಕೊಳ್ಳುತ್ತಿದ್ದ. “ಅದಕ್ಕೆಲ್ಲ ಗೊತ್ತಾಗುತ್ತೆ ಸಾರ್. ಮನುಷ್ಯರಿಗಿಂತ ಬುದ್ಧಿ ಇದೆ ಈಗ ಅವಕ್ಕೆ. ನನ್ನ ಹೆಂಡ್ತಿಗೂ ಇದನ್ನೇ ಹೇಳ್ತಿರ್ತೀನಿ.”

“ಅವಳೇನಂದ್ಲು?” ಎಂದು ದೊಡ್ಡಮ್ಮ ಒಳಗಿನಿಂದಲೇ ಕೇಳಿದರು.

“ಹಾಗಾದ್ರೆ ಅದರ ಜೊತೇಲೇ ಊಟ ಮಾಡು ಅಂದ್ಲು ಅಮ್ಮ.”

ಹೀಗೆ ಎರಡು ವರ್ಷ ಒಬ್ಬ ಹುಡುಗಿಗೆ ಕಲಿಸಿದ ಪದ್ಧತಿಯನ್ನು ಯಂತ್ರವೂ ಹುಟ್ಟುತ್ತಲೇ ಕಲಿತುಬಂದಿದೆ ಎಂದು ದೊಡ್ಡಪ್ಪ ನಂಬಿಬಿಟ್ಟರು. ಮೊದಲ ವಾರ ಬಿಡು ಅಂದ ಮೇಲಿನ ಬೈಗುಳಗಳೆಲ್ಲ ಪರದೆಯ ಮೇಲೆ ಅಚ್ಚುಕಟ್ಟಾಗಿ ಕೂತಿದ್ದವು. ಅಂದಿನಿಂದ ಪಿಸು ವಾರವಾರ ಅವನ್ನು ತೆಗೆದುಹಾಕುತ್ತ ಬಂದಳು, ಹೇಳಲಿಲ್ಲ. ಹೇಳಲು ಹೋಗಿ, ಯಂತ್ರದ ಮೇಲೆ ಹೊಟ್ಟೆಕಿಚ್ಚು ಎಂದುಕೊಂಡಾರೆಂಬ ಸಂಕೋಚ. ಹೊಟ್ಟೆಕಿಚ್ಚು ಇದ್ದದ್ದೂ ನಿಜ. ತಿದ್ದುವ, ಓದುವ ಕೆಲಸ ಉಳಿದಿತ್ತು. ಅದೂ ಯಾವತ್ತು ಹೋಗುತ್ತದೋ.

ಈ ಗುರುವಾರದ ವಿಷಯ ದೊಡ್ಡದು. ಮನೆಗಳಲ್ಲಿಟ್ಟ ಮಾತಾಡುವ ಡಬ್ಬಿಗಳು ಮನೆಯವರ ಮಾತನ್ನೆಲ್ಲ ಕದ್ದು ಕೇಳಿ ಎಲ್ಲೋ ಕೂಡಿಡುತ್ತಿವೆ ಎಂಬ ಸುದ್ದಿ ಆ ವಾರವೆಲ್ಲ ಟೀವಿಯಲ್ಲಿ ಬಂದಿತ್ತು. ದೊಡ್ಡಪ್ಪ ಹಿಂದಿನ ದಿನದಿಂದಲೇ ಕುದಿಯುತ್ತಿದ್ದರು. ಹತ್ತು ಗಂಟೆಗೆ ಲ್ಯಾಪ್‌ಟಾಪಿನ ಮುಚ್ಚಳ ತೆಗೆದು, “ನೀನು ಅಂಗಡಿಗೆ ಹೋಗಿ ನನ್ನ ಹೊಸ ಕನ್ನಡಕ ತಗೊಂಡು ಬಾ. ಇದು ನೋಡ್ಕೊಳ್ಳುತ್ತೆ” ಎಂದರು.

ದೊಡ್ಡಮ್ಮ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದರು. ಪಿಸು ಕನ್ನಡಕ ತಂದಳು. ಊಟವಾಯಿತು. ದೊಡ್ಡಪ್ಪ ಮಲಗಿದರು. ಎರಡು ಗಂಟೆಗೆ ನಡುಮನೆಯ ಮೇಜಿನ ಮುಂದೆ ಕೂತು ಯಂತ್ರ ಬರೆದದ್ದನ್ನು ತಿದ್ದತೊಡಗಿದಳು. ಚೆನ್ನಾಗಿ ಹೇಳಿದ್ದರು. ‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದರು ಹಿರಿಯರು. ಈಗ ಮಾತು ಹೋಗುವುದೇ ಇಲ್ಲ, ಎಲ್ಲೋ ಕೂತು ನಮಗಾಗಿ ಕಾಯುತ್ತಿರುತ್ತದೆ’ ಎಂಬಲ್ಲಿ ಅವಳು ಒಂದು ಅಲ್ಪವಿರಾಮ ಸೇರಿಸಿ ಖುಷಿಪಟ್ಟಳು. ಕೆಳಗೆ ಬಂದಳು. ಯಂತ್ರಕ್ಕೆ ಚುಕ್ಕಿ, ವಿರಾಮ ಯಾವುದೂ ಗೊತ್ತಿರಲಿಲ್ಲ. ಒಂದೇ ಉಸಿರಿನಲ್ಲಿ ಬರೆದಿತ್ತು.

‘ನಮ್ಮ ಮನೆಯ ಗುಟ್ಟು ನಮ್ಮ ಮನೆಯಲ್ಲಿ ಉಳಿದಿದೆಯೇ ಬಿಡು ಹಲೋ ಯಾರು ಓ ಸಂಪಾದಕರೇ ನಮಸ್ಕಾರ ನಮಸ್ಕಾರ ಇಲ್ಲ ಇಲ್ಲ ನಾಲ್ಕರೊಳಗೆ ಬಂದುಬಿಡುತ್ತೆ ಹಾಂ ಹುಡುಗಿ ವಿಷಯನಾ ಅವತ್ತೇ ಹೇಳಿದೆನಲ್ಲ ಅವಳಿಗೆ ಇಷ್ಟ ಇಲ್ಲ ಹೌದು ಅರ್ಜಿ ಹಾಕಿದ್ಲು ಆಮೇಲೆ ಮನಸ್ಸು ಬದಲಾಯ್ತು ನಾನೂ ಎಷ್ಟೋ ಹೇಳಿ ನೋಡಿದೆ ಇನ್ನೊಂದ್ ಸಲ ಕೇಳೋದಾ ಬೇಡ ಬೇಡ ನಾಲ್ಕು ಜನರ ಮುಂದೆ ಕೂತ್ರೆ ಅವಳಿಗೆ ಮೈ ನಡುಗುತ್ತೆ ಫೋನ್ ಕೊಡೋದಾ ಈಗ ಮನೇಲಿಲ್ಲ ಇದ್ರೂ ಬರಲ್ಲ ಬಿಡಿ ನಾಳೆ ಬೇರೆಯವರನ್ನ ತಗೋತೀರಾ ತಗೊಳ್ಳಿ ತಗೊಳ್ಳಿ ಒಳ್ಳೇದಾಗ್ಲಿ ಇಡ್ಲಾ ಬರಿ ಹೀಗಾಗಿ ಓದುಗರೇ ನಮ್ಮ ಮಾತಿಗೆ ನಾವೇ ಯಜಮಾನರಾಗಿ ಉಳಿದಿಲ್ಲ’

ಪಿಸು ಮೊದಲ ಸಲ ಓದಿದಾಗ ಯಾರದೋ ಮನೆಯ ಮಾತು ಎನ್ನಿಸಿತು. ಎರಡನೆಯ ಸಲ ಒಂದೊಂದು ಪದದ ಕೆಳಗೂ ಬೆರಳಿಟ್ಟು ಓದಿದಳು. ಮೂರನೆಯ ಸಲ ಓದಲಾಗಲಿಲ್ಲ. ಗರ ಬಡಿದವಳಂತೆ ಕೂತಳು. ಗೋಡೆಯ ಗಡಿಯಾರ ನಡೆಯುತ್ತಿತ್ತು, ಒಳಗಿನ ಕೋಣೆಯಲ್ಲಿ ದೊಡ್ಡಪ್ಪನ ಗೊರಕೆ ಏರಿ ಇಳಿಯುತ್ತಿತ್ತು. ಅದೇ ಗೊರಕೆ, ಅದೇ ಮನೆ.

ಅವತ್ತೇ ಹೇಳಿದೆನಲ್ಲ. ಯಾವತ್ತು? ಅವಳಿಗೆ ನೆನಪಾಯಿತು. ಅರ್ಜಿ ಹಾಕಿ ಹದಿನೈದು ದಿನವಾಗಿರಬೇಕು, ದೊಡ್ಡಪ್ಪ ಫೋನ್ ಹಿಡಿದು ಅಂಗಳಕ್ಕೆ ಹೋಗಿ ಬಂದಿದ್ದರು. ಯಾರು ಅಂತ ದೊಡ್ಡಮ್ಮ ಕೇಳಿದ್ದಕ್ಕೆ, “ಯಾರೋ ರಾಂಗ್ ನಂಬರ್” ಎಂದಿದ್ದರು. ಅದೇ ದಿನ ಸಂಜೆ ಅಲ್ಲವೇ, ಏನಾದ್ರೂ ಉತ್ತರ ಬಂತಾ ಪಿಸು ಎಂದು ಮೊದಲ ಸಲ ಕೇಳಿದ್ದು?

ಕೈಗೆ ಬಂದ ತುತ್ತು ಬಾಯಿಗೆ ಬರದಿದ್ದರೆ ಹಣೆಬರಹ ಎನ್ನಬಹುದು. ತುತ್ತು ಕಿತ್ತುಕೊಂಡವರೇ ಪಕ್ಕದಲ್ಲಿ ಕೂತು ಹಸಿವಾಯ್ತಾ ಎಂದು ಕೇಳಿದರೆ ಅದಕ್ಕೆ ಏನನ್ನಬೇಕೋ ಅವಳಿಗೆ ತಿಳಿಯಲಿಲ್ಲ. ಸಿಟ್ಟೂ ಬರಲಿಲ್ಲ. ಸಿಟ್ಟು ಬರಲು ಮೊದಲು ಇದನ್ನು ನಂಬಬೇಕು. ಉತ್ತರ ಬರೆಯದ ಕಚೇರಿಗಳು ಎಂಬ ಅಂಕಣದಲ್ಲಿ ತಾನು ಹಾಕಿದ ಒಂದೊಂದು ವಿರಾಮವೂ ನೆನಪಾಯಿತು. ಸ್ನಾನದಮನೆಗೆ ಹೋಗಿ ಮುಖ ತೊಳೆದುಕೊಂಡಳು. ಕನ್ನಡಿಯಲ್ಲಿ ನೋಡಿದರೆ ಎಂದಿನ ಮುಖವೇ ಇತ್ತು, ಅದೂ ಆಶ್ಚರ್ಯವೆನ್ನಿಸಿತು.

ನಾಳೆ ಬೇರೆಯವರನ್ನು ತೆಗೆದುಕೊಳ್ಳುತ್ತಾರೆ. ಅಂದರೆ ಇವತ್ತು ಇನ್ನೂ ಇದೆ.

ವಾಪಸ್ಸು ಬಂದು ಕೂತಳು. ಬಿಡುವಿನಿಂದ ಬರಿಯವರೆಗಿನದನ್ನು ಬಿಡುವುದು ಎರಡು ವರ್ಷದಿಂದ ಅವಳ ಬೆರಳಿಗೆ ಉಸಿರಾಟದಷ್ಟು ರೂಢಿ. ಅಭ್ಯಾಸಬಲದಿಂದ ಬೆರಳು ಅಷ್ಟಕ್ಕೂ ಗುರುತು ಹಾಕಿ ನೀಲಿ ಮಾಡಿತು. ಇನ್ನೊಂದು ಗುಂಡಿ ಒತ್ತಿದರೆ ಮಾತು ಹೋಯಿತು, ಮುತ್ತು ಒಡೆಯಿತು. ಒಳಗೆ ಗೊರಕೆ ನಿಂತು ಮಂಚ ಕಿರುಗುಟ್ಟಿತು. ಪಿಸು ಬೆರಳು ತೆಗೆದಳು.

ಮೂರು ಗಂಟೆಗೆ ದೊಡ್ಡಪ್ಪ ಹೊಸ ಕನ್ನಡಕ ಹಾಕಿಕೊಂಡು ಬಂದು ಆರಾಮಕುರ್ಚಿಯಲ್ಲಿ ಕೂತರು. ದೊಡ್ಡಮ್ಮ ಅವರ ಅಂಗಿಗೆ ಗುಂಡಿ ಹೊಲಿಯುತ್ತ ಬಾಗಿಲ ಬಳಿ ಬೆಳಕಿಗೆ ಕೂತರು. ಪ್ರತಿ ವಾರದ ಸಭೆ ಅದು.

“ಹೇಗ್ ಬಂದಿದೆ?” ಎಂದರು ದೊಡ್ಡಪ್ಪ. “ಈ ಸಲ ಒಂದಷ್ಟು ಜನರ ನಿದ್ದೆ ಕೆಡಬೇಕು.”

“ನಿಮ್ಮದೊಂದ್ ಬಿಟ್ಟು,” ಎಂದರು ದೊಡ್ಡಮ್ಮ.

“ಶುರು ಮಾಡು ಪಿಸು.” ಕಣ್ಣು ಮುಚ್ಚಿದರು.

ಪಿಸು ಓದಿದಳು. ಡಬ್ಬಿಗಳ ಬಗ್ಗೆ, ಅವುಗಳ ಕಿವಿಯ ಬಗ್ಗೆ, ಹಿರಿಯರ ಗಾದೆಯ ಬಗ್ಗೆ. ದೊಡ್ಡಪ್ಪನ ತಲೆ ಮೆಲ್ಲಗೆ ತೂಗಿತು. ‘ನಮ್ಮ ಮನೆಯ ಗುಟ್ಟು ನಮ್ಮ ಮನೆಯಲ್ಲಿ ಉಳಿದಿದೆಯೇ?’ ಎಂದು ಓದಿ ಅವಳು ಒಂದು ಸಲ ದೊಡ್ಡಪ್ಪನ ಮುಖ ನೋಡಿದಳು. ಇದೂ ನನ್ನ ಮಾತಲ್ಲ, ಬೇರೆಯವರದೇ ತಾನೆ ಎಂದುಕೊಂಡು, ಅದೇ ದನಿಯಲ್ಲಿ ಮುಂದುವರಿದಳು.

“ಬಿಡು. ಹಲೋ, ಯಾರು? ಓ, ಸಂಪಾದಕರೇ, ನಮಸ್ಕಾರ ನಮಸ್ಕಾರ...”

ತೂಗುತ್ತಿದ್ದ ತಲೆ ನಿಂತಿತು.

“...ಹಾಂ, ಹುಡುಗಿ ವಿಷಯನಾ? ಅವತ್ತೇ ಹೇಳಿದೆನಲ್ಲ, ಅವಳಿಗೆ ಇಷ್ಟ ಇಲ್ಲ.”

“ಬಿಡು,” ಎಂದರು ದೊಡ್ಡಪ್ಪ, ಕಣ್ಣು ತೆರೆಯದೆ.

ಎರಡು ವರ್ಷದಲ್ಲಿ ಆ ಮಾತು ಕೇಳಿ ಪಿಸು ನಿಲ್ಲದೇ ಇದ್ದದ್ದಿಲ್ಲ. ಈಗ ಮೇಜಿನಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, “ಹೌದು, ಅರ್ಜಿ ಹಾಕಿದ್ಲು, ಆಮೇಲೆ ಮನಸ್ಸು ಬದಲಾಯ್ತು. ನಾನೂ ಎಷ್ಟೋ ಹೇಳಿ ನೋಡಿದೆ” ಎಂದು ಓದಿದಳು.

“ಬಿಡು ಅಂದ್ನಲ್ಲ.”

“ಓದು,” ಎಂದರು ದೊಡ್ಡಮ್ಮ. ಸೂಜಿ ಅರ್ಧ ಬಟ್ಟೆಯೊಳಗೆ ನಿಂತಿತ್ತು.

ಅವಳು ಒಳ್ಳೇದಾಗ್ಲಿ ಎಂಬಲ್ಲಿಯವರೆಗೂ ಓದಿದಳು. ಅಲ್ಲಿ ದನಿ ಒಂದಿಷ್ಟು ಮುರಿಯಿತು. ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುವ ಸದ್ದು ಮಾತ್ರ ಕೇಳುತ್ತಿತ್ತು.

ದೊಡ್ಡಪ್ಪ ಕಣ್ಣು ತೆರೆದಿದ್ದರು. ಲ್ಯಾಪ್‌ಟಾಪಿನತ್ತ ನೋಡುತ್ತಿದ್ದರೋ, ಇವಳತ್ತ ನೋಡುತ್ತಿದ್ದರೋ ತಿಳಿಯುವಂತಿರಲಿಲ್ಲ.

“ನಾನು ಬಿಡು ಅಂದಿದ್ದೆ,” ಎಂದರು ಕೊನೆಗೆ, ಯಂತ್ರ ತಮಗೆ ಕೊಟ್ಟ ಮಾತು ಮುರಿದಂತೆ. “ಹಾಗಂದೇ ಫೋನ್ ತೆಗೆದಿದ್ದು.”

“ಅಯ್ಯೋ ನಿಮ್ಮ,” ಎಂದರು ದೊಡ್ಡಮ್ಮ. “ಅದು ಕೇಳಿಸ್ಕೊಂಡಿದ್ದು ತಪ್ಪು, ನೀವು ಹೇಳಿದ್ದಲ್ವಾ?”

“ನಿನಗೆ ಗೊತ್ತಾಗಲ್ಲ ಸುಮ್ನಿರೇ.” ಆದರೆ ದನಿಯಲ್ಲಿ ಜೋರಿರಲಿಲ್ಲ. “ಮೊದಲ ಸಲ ಫೋನ್ ಮಾಡಿದಾಗ ಆತ ಏನಂದ ಗೊತ್ತಾ? ಎರಡು ವರ್ಷದಿಂದ ನಿಮ್ಮ ಅಂಕಣದ ಭಾಷೆ ಎಷ್ಟು ತಿಳಿಯಾಗಿದೆ ಸಾರ್, ಏನ್ ಮಾಡಿದ್ರಿ ಅಂದ. ಏನ್ ಮಾಡಿದೆ ನಾನು?” ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡರು. “ಇವಳು ಹೋದ್ರೆ ಅದು ನಿಂತ್ಹೋಗುತ್ತೆ. ಒಂದ್ಸಲ ಮೊಳೆ ಜೊತೆಗೆ ಮನೆಗೆ ಬಂದಿದ್ದೀನಿ. ಈಗ ಮನೆಯಿಂದ ಎಲ್ಲಿಗೆ ಹೋಗ್ಲಿ? ನನಗೆ ಕಣ್ಣು ಕಾಣಲ್ಲ ಕಣೇ.”

ಆ ಮಾತನ್ನು ಅವರು ಹೇಳಿದ್ದು ಅದೇ ಮೊದಲು. ಪಿಸುವಿಗೆ ಅಯ್ಯೋ ಅನ್ನಿಸಿತು, ಅನ್ನಿಸಿದ್ದಕ್ಕೆ ತನ್ನ ಮೇಲೇ ಬೇಸರವಾಯಿತು.

“ಅದು ಬೀದಿಗೆಲ್ಲ ಗೊತ್ತು,” ಎಂದರು ದೊಡ್ಡಮ್ಮ. “ಅದಕ್ಕೆ ಅವಳ ಕಣ್ಣು ಕಟ್ಟಬೇಕಿತ್ತಾ?”

ದೊಡ್ಡಪ್ಪ ಜೇಬಿನಿಂದ ಫೋನ್ ತೆಗೆದು ಮೇಜಿನ ಮೇಲೆ ತಡವಿ ಇಟ್ಟರು. ಇಟ್ಟದ್ದು ಹೌದೋ ಅಲ್ಲವೋ ಎಂಬಂತೆ ಬೆರಳು ಸ್ವಲ್ಪ ಹೊತ್ತು ಅದರ ಮೇಲೇ ಇತ್ತು. “ಬೆಳಿಗ್ಗೆ ಬಂದ ಕರೆ. ಮೇಲೇ ಇರುತ್ತೆ,” ಎಂದರು.

ಪಿಸು ಫೋನನ್ನು ಕೈಗೆ ತೆಗೆದುಕೊಂಡಳು. ಇನ್ನೊಬ್ಬರ ಮನೆಯ ಮಗುವನ್ನು ಎತ್ತಿಕೊಂಡ ಹಾಗೆ ಹಿಡಿದಳು. ಏನು ಹೇಳಬೇಕೆಂದು ಬರೆದುಕೊಳ್ಳಲು ಪೆನ್ನು ಹುಡುಕಿದಳು. ಬರೆದುಕೊಳ್ಳುತ್ತ ಕೂತರೆ ಇವತ್ತು ಮುಗಿದುಹೋಗುತ್ತದೆ ಎನ್ನಿಸಿ ಹಾಗೇ ಒತ್ತಿದಳು. ಆ ಕಡೆ ರಿಂಗಾಗುವಷ್ಟು ಹೊತ್ತೂ ಯಾರೂ ತೆಗೆಯದಿರಲಿ ಎಂದೇ ಅವಳ ಒಳಗೊಂದು ಜೀವ ಬೇಡುತ್ತಿತ್ತು.

“ಹೇಳಿ ಸಾರ್,” ಎಂದರು ಸಂಪಾದಕರು.

“ನಾನು... ಅವರಲ್ಲ. ಅರ್ಜಿ ಹಾಕಿದ್ದೆ. ಅವರ ತಮ್ಮನ ಮಗಳು.”

“ಜೋರಾಗಿ ಮಾತಾಡಿ, ಕೇಳಿಸ್ತಿಲ್ಲ.”

ಅವಳು ಇನ್ನೊಮ್ಮೆ ಹೇಳಿದಳು.

“ಓ, ನೀವಾ. ನಿಮಗೆ ಇಷ್ಟ ಇಲ್ಲ ಅಂದ್ರಲ್ಲಮ್ಮ? ಎರಡು ಸಲ ಕೇಳಿದೆ ನಾನು.”

ದೊಡ್ಡಪ್ಪ ಕುರ್ಚಿಯ ಕೈ ಹಿಡಿದುಕೊಂಡು ನೆಲ ನೋಡುತ್ತಿದ್ದರು. ಹಾಗೆ ಅಂದದ್ದು ಯಾರೆಂದು ಹೇಳುವುದು ಸುಲಭವಿತ್ತು. ಅವರು ಸಣ್ಣವರಾಗಿ ಕೂತಿದ್ದುದನ್ನು ನೋಡಿದಳು. ಆದರೆ ಅವರನ್ನು ಉಳಿಸಲು, ಹೌದು ಮನಸ್ಸು ಬದಲಾಗಿತ್ತು ಎನ್ನಲೂ ನಾಲಿಗೆ ಒಪ್ಪಲಿಲ್ಲ.

“ಇಷ್ಟ ಇಲ್ಲ ಅಂತ ನಾನು ಹೇಳಿಲ್ಲ,” ಎಂದಳು. ನಡುಮನೆಯೆಲ್ಲ ಕೇಳುವಷ್ಟು ಜೋರಾಗಿಯೇ ಬಂತು. ಅವಳಿಗೇ ಬೆಚ್ಚಿದಂತಾಯಿತು.

ಸಂಪಾದಕರು, “ಹಾಗಾದ್ರೆ ನಾಳೆ ಬೆಳಿಗ್ಗೆ ಹತ್ತಕ್ಕೆ ಬನ್ನಿ. ಇನ್ನೊಬ್ರು ಹನ್ನೊಂದಕ್ಕೆ ಬರ್ತಿದ್ದಾರೆ, ಅವರಿಗಿಂತ ಮುಂಚೆ ನಿಮ್ಮನ್ನ ನೋಡ್ತೀನಿ. ಮಾತು ಬೇಡ, ಒಂದು ಪುಟ ಕೊಡ್ತೀನಿ, ತಿದ್ದಿ ಕೊಡಿ ಸಾಕು” ಎಂದರು. ಆಮೇಲೆ, “ಅಂದಹಾಗೆ, ಈ ವಾರದ ಅಂಕಣ ಇನ್ನೂ ಬಂದಿಲ್ಲವಲ್ಲ” ಎಂದು ಸೇರಿಸಿದರು.

“ಕಳಿಸ್ತೀನಿ,” ಎಂದಳು ಪಿಸು.

ಫೋನನ್ನು ಮೇಜಿನ ಮೇಲಿಟ್ಟಳು. ದೊಡ್ಡಮ್ಮ ಏನೂ ಕೇಳದೆ ನೀರು ತಂದುಕೊಟ್ಟರು.

“ಅದು ಇನ್ನೂ ಬರ್ಕೊಳ್ತಾನೇ ಇದೆಯಾ?” ಎಂದರು ದೊಡ್ಡಪ್ಪ, ಲ್ಯಾಪ್‌ಟಾಪಿನ ಕಡೆ ಗದ್ದ ಎತ್ತಿ. “ಮುಚ್ಚಳ ತೆರೆದೇ ಇದೆಯಲ್ಲ.”

ಪಿಸು ನೋಡಿದಳು. ಅಂಕಣದ ಕೆಳಗೆ ಉದ್ದಕ್ಕೂ ಎಲ್ಲವೂ ಇತ್ತು, ಚುಕ್ಕಿ ವಿರಾಮಗಳಿಲ್ಲದೆ. ಅವಳು ಓದಿದ್ದು, ದೊಡ್ಡಮ್ಮನ ಬೈಗುಳ, ಕಣ್ಣು ಕಾಣಲ್ಲ ಕಣೇ ಎಂಬುದು. ಇವುಗಳ ಕೆಳಗೆ ಅವಳದೂ ಇತ್ತು. ಮೆಲ್ಲಗೆ ಆಡಿದ್ದನ್ನು ಯಂತ್ರ ಅರ್ಧಂಬರ್ಧ ಹಿಡಿದಿತ್ತು, ಒಂದೆರಡು ಕಡೆ ಪೂರಾ ಬಿಟ್ಟಿತ್ತು. ಒಂದು ಸಾಲು ಮಾತ್ರ ಒಂದಕ್ಷರವೂ ತಪ್ಪದೆ ನಿಂತಿತ್ತು.

“ಏನ್ ಬರ್ಕೊಂಡಿದೆ, ಓದು,” ಎಂದರು ದೊಡ್ಡಪ್ಪ. ಕಣ್ಣು ಮುಚ್ಚಿರಲಿಲ್ಲ.

“ಇಷ್ಟ ಇಲ್ಲ ಅಂತ ನಾನು ಹೇಳಿಲ್ಲ,” ಎಂದು ಪಿಸು ಓದಿದಳು. ಆಮೇಲೆ ಆ ಸಾಲನ್ನು ಎತ್ತಿ ತನ್ನ ಹೆಸರಿನ ಬೇರೊಂದು ಕಡತದಲ್ಲಿಟ್ಟು, ಬಿಡುವಿನಿಂದ ಬರಿಯವರೆಗಿನದನ್ನೂ ಅಂಕಣದ ಕೆಳಗೆ ಉಳಿದದ್ದನ್ನೂ ಅಳಿಸಿ, ಅಂಕಣ ಕಳಿಸಲು ಕೂತಳು. ನಾಲ್ಕಾಗಲು ಇನ್ನು ಆರು ನಿಮಿಷವಿತ್ತು.